ಅಳಿಯನೋ, ಕೆಲಸದವನೋ

ಹಾವೇರಿಯ ವಕೀಲರು ನನ್ನ ಎಕ್ಸ್‌ರೇ ಕವರನ್ನು ಬಿಚ್ಚಿಯೂ ನೋಡಲಿಲ್ಲ. ಅದನ್ನು ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡು, ಯಾವಾಗ ಕೇಳುತ್ತಾರೋ ಎಂದು ಕಾದೆ. ಅವರು ಕೇಳಿದ್ದು ಬೇರೆ.

"ನೀವು ಆ ಅಂಗಡ್ಯಾಗ ಕೆಲಸಕ್ಕಿದ್ರೇನ್ರಿ, ಇಲ್ಲಾ ಮನಿಯವರಾಗಿದ್ರೋ?"

ಅಷ್ಟು ಹೊತ್ತಿಗೆ ನಾನು ಡಾಕ್ಟರುಗಳ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಕಫ ಬೀಳುತ್ತದೆಯೇ, ಬೀಡಿ ಸೇದಿದ್ದಿದೆಯೇ, ಎಷ್ಟು ದೂರ ನಡೆದರೆ ದಮ್ಮು ಹತ್ತುತ್ತದೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಎರಡೂ ಅನ್ರಿ," ಎಂದೆ.

"ಎರಡೂ ಅಂದ್ರ ಕೋರ್ಟಿನ್ಯಾಗ ಒಂದೂ ಅಲ್ಲ," ಎಂದರು ಅವರು.

ಇದನ್ನು ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ಕಾಯಿಲೆಯ ವಿಷಯ ತಿಳಿಯಬೇಕಾದವರಿಗೆ ಡಾಕ್ಟರುಗಳಿದ್ದಾರೆ. ಆದರೆ ಮಾವನ, ಕಾಕಾನ, ಅಣ್ಣನ ಅಂಗಡಿಯಲ್ಲಿ ಮನೆಯವರಂತೆ ದುಡಿದು, ಎದೆ ಕೆಡಿಸಿಕೊಂಡು, ಈಗ ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಕುಳಿತವರು ನಮ್ಮ ಕಡೆ ಇನ್ನೂ ಇರಬಹುದು. ಅವರಿಗೆ ನನ್ನದೊಂದು ಕಥೆ ಗೊತ್ತಿದ್ದರೆ ಕೆಟ್ಟದ್ದೇನೂ ಆಗುವುದಿಲ್ಲ.

ಅಂಗಡಿ ನನ್ನ ಸೋದರಮಾವ ಬಸಲಿಂಗಪ್ಪನವರದು. ರಾಣೆಬೆನ್ನೂರಿನಲ್ಲಿ, ಪಿ.ಬಿ. ರೋಡಿನ ಮೇಲೆ, ಲಾರಿ ಬಸ್ಸುಗಳ ಬ್ರೇಕ್ ಲೈನರ್ ಬದಲಿಸುವ ಅಂಗಡಿ. ನನ್ನ ಅಪ್ಪ ತೀರಿಕೊಂಡಾಗ ಅವ್ವ ನನ್ನನ್ನು ಕಟ್ಟಿಕೊಂಡು ಬ್ಯಾಡಗಿಯಿಂದ ಹೊರಟು ಈ ಅಣ್ಣನ ಮನೆ ಸೇರಿದಳು. ಮೀಸೆ ಮೂಡುವ ಮೊದಲೇ ನಾನು ಅಂಗಡಿಗೆ ಬಂದೆ. ಮುಂದೆ ಮಾವನ ಮಗಳು ಗಿರಿಜಾಳನ್ನೇ ಮದುವೆಯಾದೆ. ಮದುವೆಯ ನಂತರ ಬ್ಯಾಡಗಿಯ ಅಪ್ಪನ ಮನೆಯನ್ನು ರಿಪೇರಿ ಮಾಡಿಸಿ ಅಲ್ಲಿಗೆ ಹೋದೆವು. ಅವ್ವ ಮಾತ್ರ ಅಣ್ಣನ ಮನೆಯಲ್ಲೇ ಉಳಿದಳು. ನಾನು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಕೆಲಸ ಹೀಗೆ. ಗಾಲಿ ಬಿಚ್ಚಿ ಬ್ರೇಕಿನ ಡ್ರಮ್ಮು ತೆಗೆದ ಕೂಡಲೇ ಒಳಗೆ ಕೂತಿರುವ ಬೂದು ಪುಡಿಯನ್ನು ಗಾಳಿಯ ಪೈಪು ಹಿಡಿದು ಊದಿ ಹಾರಿಸಬೇಕು. ಬ್ರೇಕ್ ಹಾಕಿದಾಗಲೆಲ್ಲ ಡ್ರಮ್ಮಿಗೆ ಉಜ್ಜಿ ಸವೆದ ಲೈನರ್ ಪಟ್ಟಿ ಕಿತ್ತು, ಹೊಸದನ್ನು ರಿವೆಟ್ ಹೊಡೆದು ಕೂರಿಸಿ, ಡ್ರಮ್ಮಿಗೆ ಹೊಂದುವ ಹಾಗೆ ಗ್ರೈಂಡರಿಗೆ ಹಿಡಿದು ಉಜ್ಜಬೇಕು. ಎರಡರಲ್ಲೂ ಪುಡಿ ಏಳುತ್ತದೆ. ಸಂಜೆಗೆ ನನ್ನ ಹುಬ್ಬು ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಹೊಸದಾಗಿ ಮದುವೆಯಾದಾಗ ಗಿರಿಜಾ, "ಮುಂಜಾನಿ ಹುಡುಗನ್ನ ಕಳಿಸಿದ್ರ ಸಂಜಿಗೆ ಮುದುಕನ್ನ ಕಳಸ್ತಾನ ನಮ್ಮಪ್ಪ," ಎಂದು ನಗುತ್ತಿದ್ದಳು.

ಸಂಬಳ ಎಂಬ ಮಾತು ಮಾವನಿಗೂ ನನಗೂ ನಡುವೆ ಬಂದದ್ದೇ ಇಲ್ಲ. ಶನಿವಾರ ಉಳಿದವರು ಪಗಾರಕ್ಕೆ ನಿಂತರೆ ನಾನು ಗಲ್ಲಾಪೆಟ್ಟಿಗೆಯ ಪಕ್ಕ ಮಾವನ ಹತ್ತಿರ ಕುಳಿತಿರುತ್ತಿದ್ದೆ. ಮನೆಗೆ ಜೋಳ ಬರುತ್ತಿತ್ತು, ಬಟ್ಟೆ ಬರುತ್ತಿತ್ತು, ಮಗಳ ಫೀ ಹೋಗುತ್ತಿತ್ತು, ಅವಳ ಮದುವೆಯೂ ಆಯಿತು. ಖರ್ಚಿಗೆ ಕೈಯಲ್ಲಿ ರೊಕ್ಕ ಇರುತ್ತಿತ್ತು. ಇದನ್ನು ನಾನು ಮರ್ಯಾದೆ ಎಂದು ತಿಳಿದಿದ್ದೆ. ಮರ್ಯಾದೆಯೇ ಆಗಿತ್ತು, ಅದರಲ್ಲಿ ಸುಳ್ಳಿಲ್ಲ.

ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ನಾನೂ ಸೇರಿ. ಬ್ಯಾಡಗಿಯಲ್ಲಿ ಕೆಮ್ಮಿದರೆ ತಿರುಗಿ ನೋಡುವವರಿಲ್ಲ. ಸೀಜನ್ನಿನಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದರೆ ಇಡೀ ಊರೇ ಸೀನುತ್ತದೆ. ನಮ್ಮ ಓಣಿಯ ಡಾಕ್ಟರು ಸ್ಟೆತಾಸ್ಕೋಪು ಎದೆಗೆ ಮುಟ್ಟಿಸುವ ಮೊದಲೇ "ಘಾಟು" ಎಂದರು. ಔಷಧ ಕೊಟ್ಟರು. ಕೆಮ್ಮು ಹೋಗಲಿಲ್ಲ. ಬೇರೆ ಔಷಧ ಕೊಟ್ಟರು. ಗಿರಿಜಾ ತನ್ನ ಪಾಲಿನ ಚಿಕಿತ್ಸೆ ಎಂದು ಅಡುಗೆಗೆ ಕೆಂಪು ಖಾರ ಹಾಕುವುದನ್ನೇ ಬಿಟ್ಟಳು. ಬ್ಯಾಡಗಿಯಲ್ಲಿದ್ದುಕೊಂಡು ಬಿಳೀ ಪಲ್ಯದಲ್ಲಿ ರೊಟ್ಟಿ ಅದ್ದಿಕೊಂಡು ತಿಂದವನು ನಾನೊಬ್ಬನೇ ಇರಬೇಕು. ಅದಕ್ಕಿಂತ ಕೆಮ್ಮೇ ವಾಸಿ ಎನಿಸಿತ್ತು.

ಕೊನೆಗೆ ಡಾಕ್ಟರು, "ಸ್ವಲ್ಪ ದಿನ ಊರು ಬಿಟ್ಟು ಇರ್ರಿ," ಎಂದರು. ಗಳಗನಾಥದಲ್ಲಿ ಗಿರಿಜಾಳ ಚಿಗವ್ವ ಇದ್ದಾಳೆ. ಅಲ್ಲಿ ಹೋಗಿ ಇದ್ದೆ. ಎರಡು ನದಿ ಕೂಡುವ ಊರು, ಗಾಳಿಗೆ ಯಾವ ಕೊರತೆಯೂ ಇಲ್ಲ. ಬೆಳಿಗ್ಗೆ ಗುಡಿಯ ಮುಂದಿನಿಂದ ಹೊಳೆಗೆ ಇಳಿಯುತ್ತಿದ್ದೆ. ಇಳಿಯುವುದು ಸಲೀಸು. ಏರುವಾಗ ಅರ್ಧಕ್ಕೇ ಕೂರಬೇಕಾಗುತ್ತಿತ್ತು. ಬಟ್ಟೆ ಒಗೆಯಲು ಬಂದಿದ್ದ ಮುದುಕಿಯೊಬ್ಬಳು ಒಂದು ದಿನ ನನ್ನ ಪಕ್ಕ ಬಂದು ನಿಂತಳು.

"ಯಾವೂರ ತಮ್ಮಾ?"

"ಬ್ಯಾಡಗಿ ಬೇ."

"ಹಂಗಾರ ಮೆಣಸಿನಕಾಯಿ," ಎಂದು ಬುಟ್ಟಿ ಎತ್ತಿಕೊಂಡು ಸರಾಗವಾಗಿ ಏರಿಹೋದಳು. ನಾನು ಅಲ್ಲೇ ಕುಳಿತಿದ್ದೆ. ಇಲ್ಲಿ ಮೆಣಸಿನಕಾಯಿಯೇ ಇಲ್ಲವಲ್ಲ ಎಂಬುದು ಆಗ ಮೊದಲ ಸಲ ತಲೆಗೆ ಹೊಳೆಯಿತು. ಹೊಳೆದ ಮೇಲೆ ಹೆದರಿಕೆಯಾಯಿತು. ಅಲ್ಲಿಯವರೆಗೆ ಘಾಟು ಎಂಬುದು ನನಗೊಂದು ಆಸರೆಯಾಗಿತ್ತು.

ಹುಬ್ಬಳ್ಳಿಯ ಎದೆಯ ಡಾಕ್ಟರ ಹತ್ತಿರ ಹೋದದ್ದು ಆಮೇಲೆ. ಕಾಯುವ ಹಾಲಿನಲ್ಲಿ ಗೋಡೆಯುದ್ದಕ್ಕೂ ಬೆಂಚುಗಳು, ಪ್ರತಿಯೊಬ್ಬರ ಕೈಯಲ್ಲೂ ದೊಡ್ಡ ಕವರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೆಮ್ಮು ಬರುತ್ತಿತ್ತು. ಆದರೆ ಅಲ್ಲಿ ಯಾರೂ ಯಾರಿಗೂ ಮುಖ ತಿರುಗಿಸಲಿಲ್ಲ. ಬಸ್ಸಿನಲ್ಲಿ, ಮದುವೆಯಲ್ಲಿ ಟವೆಲ್ಲು ಬಾಯಿಗೆ ಒತ್ತಿಕೊಂಡು ಕೆಮ್ಮಿ ಕೆಮ್ಮಿ ನನಗೆ ಸಾಕಾಗಿತ್ತು. ಇಲ್ಲಿ ಮನಸಾರೆ ಕೆಮ್ಮಿದೆ. ಎದುರಿನ ಬೆಂಚಿನಲ್ಲಿದ್ದ ಹೆಣ್ಣುಮಗಳು ತನ್ನ ಗಂಡನಿಗೆ ತಂದಿದ್ದ ಬಿಸಿನೀರಿನ ಬಾಟಲಿಯನ್ನು ಮೊದಲು ನನ್ನ ಕಡೆ ಚಾಚಿದಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಊರು ಕೇಳದ್ದಕ್ಕೆ ನಾನು ಅವಳಿಗೆ ಋಣಿ.

ಡಾಕ್ಟರು ವಯಸ್ಸಾದವರು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಆಸ್ಬೆಸ್ಟಾಸ್ ಧೂಳು ಎದ್ಯಾಗ ಕುಂತು ಗಟ್ಟಿ ಆಗೇದ. ಅದು ಹೊರಗ ಬರಂಗಿಲ್ಲ. ಇನ್ನ ಹೆಚ್ಚಾಗದಂಗ ನೋಡ್ಕೊಳ್ಳೋಣು," ಎಂದರು.

ಆಸ್ಬೆಸ್ಟಾಸ್ ಎಂದರೆ ನಮಗೆ ಒಂದೇ. ಮಾಡಿಗೆ ಹೊದಿಸುವ ಶೀಟು. ಗಿರಿಜಾ ಕೂಡಲೇ, "ನಮ್ಮ ಹಿತ್ತಲ ಬಚ್ಚಲಕ್ಕ ಅದನ್ನ ಹಾಕೇವಿ ನೋಡ್ರಿ," ಎಂದಳು. ಸುದ್ದಿ ಮಾವನಿಗೆ ತಲುಪಿತು. ಅವರು ಮರುದಿನವೇ ರಾಣೆಬೆನ್ನೂರಿನಿಂದ ಗೌಂಡಿಗಳನ್ನು ಕಳಿಸಿದರು. ಬಚ್ಚಲಿನ ಶೀಟುಗಳನ್ನು ಸುತ್ತಿಗೆಯಿಂದ ಹೊಡೆದು ಇಳಿಸಿದರು. ನಾನು ಕೆಳಗೆ ನಿಂತು ನಿಚ್ಚಣಿಕೆ ಹಿಡಿದುಕೊಂಡಿದ್ದೆ. ಪುಡಿಯೆಲ್ಲ ನನ್ನ ತಲೆಯ ಮೇಲೆ ಬಿತ್ತು. ಹೊಸ ತಗಡು ಹಾಕಿದ ಮೇಲೆ ಮಾವ ಬಂದು ನೋಡಿ, "ಹೋತು ಪೀಡಾ," ಎಂದು ನೆಮ್ಮದಿಯಿಂದ ಚಹಾ ಕುಡಿದರು. ಆ ದಿನ ನಾವೆಲ್ಲ ಖುಷಿಯಾಗಿದ್ದೆವು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ನಕ್ಕರೆ ಕೆಮ್ಮು ಬರುತ್ತದೆ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಬಚ್ಚಲಿನ ವಿಷಯ ಹೆಮ್ಮೆಯಿಂದ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ನೀವು ಏನು ಕೆಲಸ ಮಾಡತೀರಿ?"

"ರಾಣೆಬೆನ್ನೂರಾಗ ನಮ್ಮ ಮಾವನವರ ಅಂಗಡಿ ಐತ್ರಿ."

"ಅಂಗಡಿ ಅಲ್ರಿ. ಮುಂಜಾನಿ ಹೋಗಿ ಕೈಲೆ ಏನು ಮಾಡತೀರಿ, ಅದನ್ನ ಹೇಳ್ರಿ."

ಹೇಳಿದೆ. ಡ್ರಮ್ಮು, ಗಾಳಿ ಪೈಪು, ಗ್ರೈಂಡರು. ಮೂಗಿಗೆ ಬಟ್ಟೆ ಕಟ್ಟುತ್ತಿದ್ದಿರಾ ಎಂದು ಕೇಳಿದರು. ಟವೆಲ್ಲು ಇರುತ್ತಿತ್ತು, ಹೆಗಲ ಮೇಲೆ. ಅವರು ತಲೆಯಾಡಿಸಿದರು. ಹಳೆಯ ಲೈನರುಗಳಲ್ಲೆಲ್ಲ ಆ ಶೀಟಿನ ಮಾಲೇ ಇರುತ್ತಿತ್ತು, ಬಚ್ಚಲಿಗೂ ನಿಮ್ಮ ಎದೆಗೂ ಸಂಬಂಧವಿಲ್ಲ ಎಂದರು. "ಇದು ಕೆಲಸದಿಂದ ಬಂದ ಬ್ಯಾನಿ. ಕಾಯ್ದೆದಾಗ ಪರಿಹಾರ ಅದ. ನಾ ಬರದು ಕೊಡತೇನಿ, ಒಬ್ಬ ವಕೀಲರನ್ನ ನೋಡ್ರಿ."

ರೈಲಿನಲ್ಲಿ ವಾಪಸು ಬರುವಾಗ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಹಾವೇರಿ ದಾಟಿದ ಮೇಲೆ ಕೇಳಿದಳು. "ಪರಿಹಾರ ಅಂದ್ರ ಯಾರು ಕೊಡಬೇಕ್ರಿ?"

"ಕೆಲಸಕ್ಕ ಇಟ್ಟುಕೊಂಡವ್ರು."

"ಅಂದ್ರ ನಮ್ಮಪ್ಪ."

ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯುವಾಗ ಅವಳು ಎಂದಿನಂತೆ ನನ್ನ ಚೀಲ ತೆಗೆದುಕೊಂಡಳು. ಆದರೆ ನನಗಾಗಿ ನಿಲ್ಲದೆ ಮುಂದೆ ನಡೆದಳು.

ಹಾಗಾದರೆ ವಕೀಲರ ಹತ್ತಿರ ಏಕೆ ಹೋದೆ ಎಂದು ನೀವು ಕೇಳಬಹುದು. ಮಾವ ಕೈ ಬಿಟ್ಟಿರಲಿಲ್ಲ. ಆಸ್ಪತ್ರೆಯ ಬಿಲ್ಲು ಅವರೇ ಕಟ್ಟುತ್ತಿದ್ದರು. ಕಾರಣ ನನ್ನ ಅವ್ವ. ಅಣ್ಣನ ಮನೆಯಲ್ಲಿ ಅವಳನ್ನು ಯಾರೂ ಒಂದು ಮಾತು ಅಂದವರಲ್ಲ. ಆದರೆ ಅವಳು ಊಟಕ್ಕೆ ಯಾವಾಗಲೂ ಎಲ್ಲರಾದ ಮೇಲೆ ಕೂರುತ್ತಿದ್ದಳು. ಹಬ್ಬಕ್ಕೆ ಸೀರೆ ತಂದರೆ, ಇದ್ದುದರಲ್ಲಿ ಅಗ್ಗದ್ದನ್ನು ತಾನೇ ಆರಿಸಿಕೊಳ್ಳುತ್ತಿದ್ದಳು. ಕಾಯಿಲೆ ಬಿದ್ದರೆ ಹೇಳುತ್ತಿರಲಿಲ್ಲ. ಸಾಯುವವರೆಗೂ ಅದು ಅವಳ ಮನೆಯಾಗಲಿಲ್ಲ. ನಾಳೆ ನಾನು ಹೋದರೆ ಗಿರಿಜಾಳದೂ ಅದೇ ಪಾಡು. ಅಂಗಡಿ ಈಗ ಅವಳ ತಮ್ಮ ಮಹಾಂತೇಶನ ಕೈಯಲ್ಲಿದೆ. ಅವನು ಒಳ್ಳೆಯವನು, ಅಕ್ಕನನ್ನು ಸಾಕುತ್ತಾನೆ. ಸಾಕಿಸಿಕೊಳ್ಳುವುದು ಬೇಡ ಎಂಬುದೇ ನನ್ನ ಹಟ. ನನ್ನ ಎದೆ ಹೋದದ್ದಕ್ಕೆ ಏನು ಬರುತ್ತದೋ ಅದು ಅವಳ ಹಕ್ಕಾಗಿ ಬರಲಿ, ಯಾರ ಕೈ ನೋಡಿಯೂ ಅವಳು ಊಟಕ್ಕೆ ಕೂರುವುದು ಬೇಡ.

ಮೊದಲು ಬ್ಯಾಡಗಿಯಲ್ಲೇ ಒಬ್ಬ ವಕೀಲರನ್ನು ನೋಡಿದೆ. ಹೊಲದ ಪಾಲು, ದಾರಿ ತಕರಾರು ಇವರ ಕೆಲಸ. ನನ್ನ ಮಾತು ಅರ್ಧ ಕೇಳಿ, "ಘಾಟಿಗೆ ಯಾರ ಮ್ಯಾಲ ದಾವಾ ಹಾಕೂದು, ಮೆಣಸಿನಕಾಯಿ ಮ್ಯಾಲ?" ಎಂದು ನಕ್ಕರು. ಪೂರ್ತಿ ಕೇಳಿದ ಮೇಲೆ ನಗು ನಿಂತಿತು. "ಬಸಲಿಂಗಪ್ಪನವರ ಮ್ಯಾಲ? ತಲಿ ನೆಟ್ಟಗೈತೇನ್ರಿ ನಿಮ್ಮದು? ನಮ್ಮ ಗಾಡಿನೂ ಅಲ್ಲೇ ಬಿಡತೀವಿ."

ನಾನು ಮನೆ ಮುಟ್ಟುವಷ್ಟರಲ್ಲಿ ಮಾವನ ಫೋನು ಬಂತು.

"ಏನೋ ಶಿವು, ವಕೀಲನ ಕಡೆ ಹೋಗಿದ್ದೆಂತ. ಪಾಲು ಬೇಕಾಗಿತ್ತೇನ? ನನ್ನ ಕೇಳಿದ್ರ ಕೊಡತಿದ್ದಿಲ್ಲೇನ?" ಎಂದು ಚೇಷ್ಟೆ ಮಾಡಿ ನಕ್ಕರು. ಅವರು ನಿಜವಾಗಿಯೂ ಕೊಡುತ್ತಿದ್ದರು. ಅದಕ್ಕೇ ಕೆಮ್ಮು ಬಂದಂತೆ ಮಾಡಿ ಫೋನು ಇಟ್ಟೆ. ಈ ಕಾಯಿಲೆಯಿಂದ ಇದೊಂದು ಅನುಕೂಲ.

ಎರಡನೆಯವರು ರಾಣೆಬೆನ್ನೂರಿನವರು, ಮೋಟಾರು ಅಪಘಾತದ ಕೇಸುಗಳಲ್ಲಿ ಹೆಸರು ಮಾಡಿದವರು. ಪರಿಹಾರ ಎಂದ ಕೂಡಲೇ ಹುಮ್ಮಸ್ಸಿನಿಂದ ಪೆನ್ನು ಎತ್ತಿಕೊಂಡರು.

"ಗಾಡಿ ನಂಬರ್ ಹೇಳ್ರಿ."

"ಹ್ಯಾಂಗ ಹೇಳ್ಲಿ? ಬಂದ ಗಾಡಿ ಎಲ್ಲಾ."

"ಎಲ್ಲಾ ಗಾಡಿ ಹಾಯ್ದಾವೇನ್ರಿ?"

"ಒಂದೂ ಹಾಯ್ದಿಲ್ರಿ. ನಿಂತಿದ್ದುವು."

ಅವರು ಪೆನ್ನಿನ ಮುಚ್ಚಳ ಹಾಕಿದರು. ಅಪಘಾತ ಯಾವತ್ತಾಯಿತು ಎಂದು ಕೊನೆಯ ಪ್ರಯತ್ನವಾಗಿ ಕೇಳಿದರು. ಸಾವಕಾಶ ಆಯಿತು ಎಂದೆ. ಆದರೆ ಮನುಷ್ಯ ಸಜ್ಜನ. ಫೀಜು ತೆಗೆದುಕೊಳ್ಳಲಿಲ್ಲ. ಇಂಥ ಕೇಸು ತನಗೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಂಡು, ಹಾವೇರಿಯಲ್ಲಿ ಕೂಲಿಕಾರರ ಪರಿಹಾರದ ಕೇಸು ನಡೆಸುವ ಸುವರ್ಣಾ ಮೇಡಂ ಅವರ ಹತ್ತಿರ ಕಳಿಸಿದರು.

ಅವರ ಆಫೀಸು ಕೋರ್ಟಿನ ಹತ್ತಿರ, ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲಿನ ಅರ್ಧಕ್ಕೆ ನಾನು ಕುಳಿತುಬಿಟ್ಟೆ. ಮೇಲಿನಿಂದ ನೋಡಿದವರು ತಾವೇ ಇಳಿದು ಬಂದು, ಝೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಎದುರಿಗೆ ಸ್ಟೂಲು ಹಾಕಿಕೊಂಡರು. ಅವತ್ತಿನಿಂದ ನನ್ನ ಕೇಸಿನ ಮಾತೆಲ್ಲ ಕೆಳಗೇ ನಡೆಯಿತು. ಮೊದಲು ಹೇಳಿದ ಪ್ರಶ್ನೆಯನ್ನು ಅವರು ಕೇಳಿದ್ದು ಅಲ್ಲೇ.

ಕೆಲಸ ಮಾಡುತ್ತಿದ್ದೆನೆಂಬುದಕ್ಕೆ ಏನಾದರೂ ಇದ್ದರೆ ತನ್ನಿ ಎಂದರು. ಪಗಾರದ ಚೀಟಿ ಇಲ್ಲ, ಹಾಜರಿಯಲ್ಲಿ ಹೆಸರಿಲ್ಲ. ನನಗೆ ನೆನಪಾದದ್ದು ಖಂಡೇಪೂಜೆಯ ಫೋಟೊಗಳು. ಮಹಾನವಮಿಯ ದಿನ ಮಷೀನುಗಳಿಗೆಲ್ಲ ಕುಂಕುಮ ಹಚ್ಚಿ, ಕಾಯಿ ಒಡೆದು, ಅಂಗಡಿಯ ಮುಂದೆ ಎಲ್ಲರೂ ಕೂಡಿ ಒಂದು ಫೋಟೊ ತೆಗೆಸಿಕೊಳ್ಳುವುದು ಪದ್ಧತಿ. ನಮ್ಮ ಪಡಸಾಲೆಯ ಗೋಡೆಯ ತುಂಬ ಅವೇ ಇವೆ. ಚೌಕಟ್ಟುಗಳನ್ನು ಬಿಚ್ಚದೆ ಹಾಗೆಯೇ ಚೀಲದಲ್ಲಿ ಹಾಕಿಕೊಂಡು ಹೋದೆ.

ಮೇಡಂ ಒಂದೊಂದಾಗಿ ನೋಡಿದರು. "ಈ ಹಿಂದ ನಿಂತವರು ಯಾರ್ರಿ?"

"ಕೆಲಸದವ್ರು."

"ಮುಂದ ಕುರ್ಚಿ ಮ್ಯಾಲ ಕುಂತವ್ರು?"

"ಮನಿಯವ್ರು."

"ನೀವು ಎಲ್ಲದರಾಗೂ ಕುರ್ಚಿ ಮ್ಯಾಲ ಅದೀರಿ."

ನಾನು ಫೋಟೊ ನೋಡಿದೆ. ಮಾವನ ಬಲಗಡೆಯ ಕುರ್ಚಿ ನನ್ನದು. ತಲೆಯಲ್ಲಿ ಕೂದಲಿದ್ದಾಗಿನಿಂದ ಇಲ್ಲದಾಗುವವರೆಗೆ ಅದೇ ಕುರ್ಚಿ. ಪೂಜೆಯ ನಂತರ ಮಾವ ಕೆಲಸದವರಿಗೆ ಒಬ್ಬೊಬ್ಬರಿಗೂ ಕಾಯಿ, ಅಂಗಿ ಅರಿವೆ ಕೊಡುವಾಗ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದವನೂ ನಾನೇ. ಬೆಳಗಿನಿಂದ ಸಂಜೆಯವರೆಗೆ ಅವರ ಜೊತೆ ಕೂತು ಅದೇ ಪುಡಿ ನುಂಗಿದವನು ಕಾಯಿ ಕೊಡುವ ಸಾಲಿನಲ್ಲಿದ್ದೆ, ತೆಗೆದುಕೊಳ್ಳುವ ಸಾಲಿನಲ್ಲಿರಲಿಲ್ಲ.

"ಇವನ್ನ ಮನಿಗೆ ಒಯ್ದು ಗ್ವಾಡಿಗೇ ಹಾಕ್ರಿ. ಯಾರಿಗೂ ತೋರಸಬ್ಯಾಡ್ರಿ," ಎಂದರು ಮೇಡಂ. ನಂತರ ಸಮಾಧಾನವಾಗಿ ವಿವರಿಸಿದರು. ಅವರು ವಿಚಾರಿಸಿ ತಿಳಿದುಕೊಂಡಿದ್ದಂತೆ, ಬ್ಯಾಂಕಿನ ಸಾಲ ತೆಗೆದಾಗ ಮಾಡಿಸಿದ ಕೆಲಸಗಾರರ ವಿಮೆಯನ್ನು ಮಾವ ವರ್ಷವರ್ಷವೂ ಕಟ್ಟುತ್ತ ಬಂದಿದ್ದಾರೆ. ಕೇಸು ಗೆದ್ದರೆ ಕೊಡುವುದು ವಿಮೆಯವರು, ಮಾವನ ಗಂಟೇನೂ ಹೋಗುವುದಿಲ್ಲ. ಆದರೆ ವಿಮೆ ಇರುವುದು ಕೆಲಸಗಾರನಿಗೆ, ಅಳಿಯನಿಗಲ್ಲ. "ನಿಮ್ಮ ಮಾವನವರು ಬಂದು ಇಂವ ನನ್ನ ಹಂತ್ಯಾಕ ಕೆಲಸಕ್ಕಿದ್ದ ಅಂತ ಹೇಳಬೇಕು. ಅವರು ಹೇಳದಿದ್ರ ನಾ ಏನು ಮಾಡಿದ್ರೂ ನಡ್ಯಂಗಿಲ್ಲ."

ನನಗೆ ಇದು ಸಣ್ಣ ಮಾತು ಎನಿಸಿತು. ಗಂಟು ಹೋಗುವುದಿಲ್ಲ ಎಂದಮೇಲೆ ಒಂದು ಮಾತು ಹೇಳಲು ಏನು ತೊಂದರೆ?

ಮಾವ ತಮ್ಮ ಮನೆಯ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ಎಲ್ಲ ಹೇಳಿದೆ. ವಿಮೆಯ ವಿಷಯ ಹೇಳಿದೆ. ಅವರು ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಹೊಲ ಮಾರತೇನಿ. ಗಿರಿಜಾನ ಹೆಸರಿಗೆ ರೊಕ್ಕಾ ಇಡತೇನಿ. ಈ ಮಾತು ಬಿಡು."

"ಹೊಲ ಬ್ಯಾಡ್ರಿ ಮಾಮಾ. ಒಂದ ಮಾತು ಹೇಳ್ರಿ, ಸಾಕು."

"ಏನಂತ ಹೇಳ್ಲಿ? ನನ್ನ ತಂಗಿ ಮಗ ನನ್ನ ಆಳು ಅಂತ ಹೇಳ್ಲೇನ? ನಿಮ್ಮವ್ವ ನಿನ್ನ ಕೈ ಹಿಡಕೊಂಡು ಈ ಬಾಗಲದಾಗ ನಿಂತಾಗ ನಾ ಏನು ಹೇಳಿದ್ದೆ ಗೊತ್ತೈತೇನ? ನಿನ್ನ ಮಗನ್ನ ನಾ ದುಡಿಸಿಕೊಳ್ಳಂಗಿಲ್ಲ, ಮಗನಂಗ ನೋಡ್ಕೋತೇನಿ ಅಂದಿದ್ದೆ. ನೋಡ್ಕೊಂಡಿಲ್ಲೇನ?"

"ನೋಡ್ಕೊಂಡೀರಿ."

"ಮತ್ತ?"

ಮತ್ತೆ ಎಂಬುದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಉಸಿರಿರಲಿಲ್ಲ. ಅವರಿಗೂ ಅವ್ವನೇ ಕಾರಣ, ನನಗೂ ಅವ್ವನೇ ಕಾರಣ. ಎದ್ದು ಬಂದೆ. ಅವರು ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಯಾರನ್ನೂ ಕಳಿಸಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಮನೆಯಲ್ಲಿ ಗಿರಿಜಾಳಿಗೆ ಸಿಟ್ಟು ಬಂದಿತ್ತು. "ನಮ್ಮಪ್ಪನ್ನ ಕೋರ್ಟಿನ ಕಟ್ಟಿ ಹತ್ತಸಬೇಕಂತೀರೇನು ಈ ವಯಸ್ಸಿನ್ಯಾಗ?" ಎಂದಳು. ನಾನು ಅವ್ವನ ಮಾತು ತೆಗೆದೆ. ಅವ್ವ ಎಲ್ಲರಾದ ಮೇಲೆ ಊಟಕ್ಕೆ ಕೂರುತ್ತಿದ್ದುದು ನೆನಪಿದೆಯೇ ಎಂದು ಕೇಳಿದೆ. ಅದೇ ಮನೆಯಲ್ಲಿ ಬೆಳೆದವಳು, ನೆನಪಿಲ್ಲದೆ ಏನು. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. "ಅತ್ತಿ ತಣ್ಣಗಿನ ಅನ್ನ ಉಣ್ಣತಿದ್ಲು," ಎಂದಳು ಕೊನೆಗೆ. ಮಾರನೆಯ ದಿನ ಒಬ್ಬಳೇ ರಾಣೆಬೆನ್ನೂರಿನ ಬಸ್ಸು ಹತ್ತಿದಳು. ತಂದೆಯ ಹತ್ತಿರ ಏನು ಮಾತಾಡಿದಳೋ ನನಗೆ ಇಂದಿಗೂ ಹೇಳಿಲ್ಲ. ಬಂದ ಮೇಲೆ ಒಂದೇ ಮಾತು: "ಒಪ್ಪಲಿಲ್ಲ." ಆದರೆ ಅವತ್ತಿನಿಂದ ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಪಲ್ಯಕ್ಕೆ ಖಾರವೂ ವಾಪಸು ಬಂತು.

ಆಮೇಲೆ ಮಹಾನವಮಿ ಬಂತು. ಹೋಗುವುದೋ ಬಿಡುವುದೋ ಎಂದು ಯೋಚಿಸಿದೆ, ಹೋದೆ. ಪೂಜೆಯಾಯಿತು. ಕುರ್ಚಿಗಳನ್ನು ಹಾಕಿದರು. ಮಾವನ ಬಲಗಡೆ ಒಂದು ಖಾಲಿ ಇತ್ತು. ನಾನು ಹಿಂದೆ ಹೋಗಿ ಕೆಲಸದವರ ಸಾಲಿನಲ್ಲಿ, ನನ್ನ ಗ್ರೈಂಡರಿನ ಪಕ್ಕ ನಿಂತೆ. ನನ್ನ ಜೊತೆ ಎಷ್ಟೋ ವರ್ಷ ಡ್ರಮ್ಮು ಬಿಚ್ಚಿದ ದಾವಲಸಾಬ ಗಾಬರಿಯಾಗಿ, "ಶಿವಣ್ಣಾ, ಮುಂದ ಹೋಗ್ರಿ," ಎಂದು ಪಿಸುಗುಟ್ಟಿದ.

ಮಾವ ತಿರುಗಿ ನೋಡಿದರು. "ಶಿವು, ಬಾ ಇಲ್ಲೆ, ಕುಂದ್ರು."

"ಇ‌ಲ್ಲೇ ನಿಂದರತೇನ್ರಿ ಮಾಮಾ."

ನನಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಗ್ರೈಂಡರಿನ ಮೇಲೆ ಕೈ ಊರಿಕೊಂಡೆ. ಹಟ ಎಂದರೆ ಹಟ, ಅವಮಾನ ಮಾಡಬೇಕೆಂದಲ್ಲ. ಮಾವ ಮತ್ತೆ ಕರೆಯಲಿಲ್ಲ. ಫೋಟೊದವನು ಖಾಲಿ ಕುರ್ಚಿಯ ಸಮೇತ ಫೋಟೊ ತೆಗೆದ.

ಕಾಯಿ ಕೊಡುವಾಗ ತಟ್ಟೆಯನ್ನು ಮಹಾಂತೇಶ ಹಿಡಿದಿದ್ದ. ಮಾವ ಸಾಲಿನಲ್ಲಿ ಒಬ್ಬೊಬ್ಬರಿಗೂ ಕೊಡುತ್ತ ಬಂದು ನನ್ನ ಮುಂದೆ ನಿಂತರು. ತಟ್ಟೆಯಲ್ಲಿ ನನ್ನ ಲೆಕ್ಕದ್ದು ಇರಲಿಲ್ಲ, ಇರುವ ಪದ್ಧತಿಯೇ ಅಲ್ಲವಲ್ಲ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋಗಿ, ದೇವರ ಮುಂದೆ ಇಟ್ಟಿದ್ದ ಮನೆಯ ಕಾಯಿಯನ್ನೇ ತಂದು ನನ್ನ ಕೈಯಲ್ಲಿಟ್ಟರು. ಮುಖ ನೋಡಲಿಲ್ಲ.

ಮರುದಿನ ಬನ್ನಿ ಹಬ್ಬ. ಸಣ್ಣವರು ದೊಡ್ಡವರಿಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಬೇಕು. ಎಂಥ ಜಗಳವಿದ್ದರೂ ಆ ದಿನ ಬನ್ನಿ ಬೇಡ ಎನ್ನುವವರಿಲ್ಲ. ನಾನೂ ಗಿರಿಜಾಳೂ ಹೋದೆವು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಮಾಮಾ," ಎಂದೆ. ಅವರು ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಗ್ಗಿದವನು ಏಳಲಾರದೆ ಅಲ್ಲೇ ಕುಳಿತೆ. ದಮ್ಮು ಇಳಿಯುವವರೆಗೂ ಅವರು ನನ್ನ ಬೆನ್ನು ಸವರುತ್ತಿದ್ದರು.

"ಹಾವೇರಿಗೆ ಯಾವತ್ತ ಬರಬೇಕೋ?" ಎಂದು ಕೇಳಿದರು.

ಅವರು ಬಂದರು. ಹಳೆಯ ರೇಷ್ಮೆ ರುಮಾಲು ಸುತ್ತಿಕೊಂಡು, ಮದುವೆಗೆ ಬಂದವರ ಹಾಗೆ ಬಂದರು. ವಿಮೆಯ ವಕೀಲರು ಗಟ್ಟಿಗರು. ಇವನು ನಿಮಗೆ ಏನಾಗಬೇಕು ಎಂಬಲ್ಲಿಂದಲೇ ಶುರು ಮಾಡಿದರು.

"ನನ್ನ ತಂಗಿ ಮಗ. ನನ್ನ ಮಗಳ ಗಂಡ."

"ಅಂದಮ್ಯಾಲ ಮನಿಯವ್ರು. ಕೆಲಸದವರಲ್ಲ."

ಮಾವ ಕಟಕಟೆಯನ್ನು ಹಿಡಿದುಕೊಂಡರು. ನನ್ನ ಕಡೆ ನೋಡಲಿಲ್ಲ, ನ್ಯಾಯಾಧೀಶರ ಕಡೆ ನೋಡಿದರು. "ಮನ್ಯಾಗ ಮನಿಯವ್ರಿ. ಅಂಗಡ್ಯಾಗ ನಾ ಕೆಲಸ ಹೇಳತಿದ್ದೆ, ಅಂವ ಮಾಡತಿದ್ದ. ಉಳದವರಕಿಂತ ಹೆಚ್ಚು ಮಾಡತಿದ್ದ. ಪಗಾರ ಕೊಡಲಿಲ್ಲ, ಅದಕ್ಕ ಬದ್ಲಿ ಮನಿ ನಡಸಿದೆ. ಅಂವ ನನ್ನ ಕಡೆ ಕೆಲಸಕ್ಕಿದ್ದ. ಆಳಾಗಿ ದುಡದಾನ."

ಆಳು ಎಂಬ ಮಾತನ್ನು ಮೇಡಂ ಹೇಳಿಕೊಟ್ಟಿರಲಿಲ್ಲ. ಗುಮಾಸ್ತರು ಅದನ್ನು ಟೈಪು ಮಾಡಿಕೊಂಡರು. ಅದೇ ದಿನ ನನ್ನ ಎದೆಯ ಆಸ್ಬೆಸ್ಟಾಸಿಗೂ ಒಂದು ಕನ್ನಡ ಹೆಸರು ಸಿಕ್ಕಿತು. ಕಲ್ನಾರಿನ ಧೂಳು ಎಂದು ಓದಿದರು. ಕಲ್ಲಿಗೂ ನಾರಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಮಾವ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. "ನಿಮ್ಮವ್ವಗ ಕೊಟ್ಟ ಮಾತು ಇವತ್ತ ಮುರದೆ," ಎಂದರು. ಗಿರಿಜಾ ಅಪ್ಪನ ಪಕ್ಕ ಕುಳಿತು ಅಳುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಮಾತಾಡಲು ನನಗೆ ಉಸಿರು ಸಾಲುತ್ತಿಲ್ಲ ಎಂದು ಅವರು ತಿಳಿದುಕೊಂಡರು. ಹಾಗೇ ತಿಳಿದುಕೊಳ್ಳಲಿ ಎಂದು ಬಿಟ್ಟೆ.

ತೀರ್ಪು ನಮ್ಮ ಕಡೆ ಆಯಿತು. ವಿಮೆಯವರು ಧಾರವಾಡದ ಹೈಕೋರ್ಟಿಗೆ ಅಪೀಲು ಹೋಗಿದ್ದಾರೆ, ಹೋಗಲಿ. ಪರಿಹಾರದ ಒಂದು ಪಾಲು ಗಿರಿಜಾಳ ಹೆಸರಿಗೆ ಬ್ಯಾಂಕಿಗೆ ಬಂದಿದೆ. ಮಹಾಂತೇಶ ಈಗ ಅಂಗಡಿಯಲ್ಲಿ ಡ್ರಮ್ಮಿಗೆ ಗಾಳಿ ಹೊಡೆಯಲು ಬಿಡುವುದಿಲ್ಲ, ಒದ್ದೆ ಅರಿವೆಯಲ್ಲಿ ಒರೆಸುತ್ತಾರೆ. ದಾವಲಸಾಬನನ್ನೂ ಉಳಿದವರನ್ನೂ ಹುಬ್ಬಳ್ಳಿಗೆ ಕಳಿಸಿ ಎದೆಯ ಫೋಟೊ ತೆಗೆಸಿದ್ದಾನೆ. ನನ್ನ ಎದೆ ಮೊದಲಿನ ಹಾಗೆ ಆಗುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಮಷೀನು ಇದೆ, ಅದರ ಗುರ್ ಎನ್ನುವ ಸದ್ದಿಗೆ ನಾವಿಬ್ಬರೂ ಹೊಂದಿಕೊಂಡಿದ್ದೇವೆ. ಸೀಜನ್ನಿನಲ್ಲಿ ಕಿಟಕಿ ಹಾಕಿಕೊಂಡು ಕೂರುತ್ತೇನೆ. ಕೆಮ್ಮಿದರೆ ಓಣಿಯವರು ಈಗಲೂ ಘಾಟು ಎನ್ನುತ್ತಾರೆ. ಹೂಂ ಎನ್ನುತ್ತೇನೆ.

ಈ ಸಲದ ಖಂಡೇಪೂಜೆಗೆ ಹೋಗಿದ್ದೆ. ನಾನು ತಲುಪುವ ಹೊತ್ತಿಗೆ ಕುರ್ಚಿಗಳನ್ನು ಹಾಕಿಯಾಗಿತ್ತು. ಮಾವನ ಬಲಗಡೆ ಈ ಸಲ ಖಾಲಿ ಇರಲಿಲ್ಲ, ಅಲ್ಲಿ ಮಹಾಂತೇಶನ ಸಣ್ಣ ಮಗಳು ಕುಳಿತಿದ್ದಳು. ನಾನು ಹಿಂದೆ ಹೋದೆ. ಹಿಂದಿನ ಸಾಲಿನಲ್ಲಿ, ನಿಂತ ಕೆಲಸದವರ ನಡುವೆ, ಗ್ರೈಂಡರಿನ ಪಕ್ಕಕ್ಕೆ ಒಂದು ಕುರ್ಚಿ ಇತ್ತು. ಮಾವನ ಮನೆಯ ಕೈಯಿರುವ ಮರದ ಕುರ್ಚಿ. ತಟ್ಟೆಯಲ್ಲಿ ನನ್ನ ಲೆಕ್ಕದ ಕಾಯಿಯೂ ಅಂಗಿ ಅರಿವೆಯೂ ಇದ್ದವು.

ಫೋಟೊದವನು ಗೊಣಗಿದ. "ಸಾಹುಕಾರ್ರ, ಹಿಂದ ಕುರ್ಚಿ ಹಾಕಿದ್ರ ಅವರ ಮುಖ ಕಾಣಂಗಿಲ್ರಿ."

"ಕಾಣದಿದ್ರ ಬಿಡು. ಅದು ಅವನ ಜಾಗಾ," ಎಂದರು ಮಾವ, ಹಿಂದೆ ತಿರುಗದೆ.

ಆ ಫೋಟೊದಲ್ಲಿ ನಾನು ಕಾಣುವುದಿಲ್ಲ. ದಾವಲಸಾಬ ಕೆಳಗೆ ಬಗ್ಗಿ ಯಾರದೋ ಹೆಗಲ ಮೇಲೆ ಕೈ ಇಟ್ಟಿರುವುದು ಮಾತ್ರ ಕಾಣುತ್ತದೆ. ಗಿರಿಜಾ ಹಳೆಯವನ್ನೆಲ್ಲ ಇಳಿಸಿ ಪಡಸಾಲೆಯಲ್ಲಿ ಅದೊಂದನ್ನೇ ಹಾಕಿದ್ದಾಳೆ.